ಹೊಸಮ್ಮನ ಕೈಗುಣ

ಅವಳ ಆಫೀಸು ಊಟದ ಮೇಜು. ಬೆಳಿಗ್ಗೆ ತಟ್ಟೆಗಳು ಎದ್ದ ಮೇಲೆ ತೆರೆಯುತ್ತದೆ, ಮಧ್ಯಾಹ್ನ ತಟ್ಟೆಗಳು ಇಳಿಯುವಾಗ ಮುಚ್ಚುತ್ತದೆ, ಅವು ಮತ್ತೆ ಎದ್ದ ಮೇಲೆ ಮತ್ತೆ ತೆರೆಯುತ್ತದೆ. ತಟ್ಟೆ ಇಳಿಸುವವಳೂ ಎತ್ತುವವಳೂ ಅವಳೇ ಆದ್ದರಿಂದ ಆಫೀಸಿನ ಬಾಗಿಲು ತೆಗೆಯಲು, ಕಸ ಹೊಡೆಯಲು ಬೇರೆ ಜನ ಬೇಕಾಗಿಲ್ಲ. ಮೇಜಿನ ಒಂದು ಕಾಲು ಗಿಡ್ಡ. ಅದರಡಿ ಮಡಿಸಿಟ್ಟಿರುವುದು ಅವಳ ಕಂಪ್ಯೂಟರ್ ಡಿಪ್ಲೊಮಾದ ಹಳೆಯ ನೋಟ್ಸು. ಓದು ಉಪಯೋಗಕ್ಕೆ ಬಂತಲ್ಲ ಎಂದು ಗಂಡ ಆಗಾಗ ತಮಾಷೆ ಮಾಡುತ್ತಾನೆ. ಹದಿನೆಂಟು ವರ್ಷದಿಂದ ಅದೊಂದೇ ತಮಾಷೆ.

ಹೊರಗೆ ಅವಳಿಗೆ ಪ್ರೋಗ್ರಾಮ್ ಮೇಡಂ ಎಂದು ಹೆಸರು. ಕನ್ನಡಕದ ಅಂಗಡಿ, ಟ್ಯೂಷನ್ ಕ್ಲಾಸು, ಹೊಲಿಗೆ ಅಂಗಡಿ, ಲಾಂಡ್ರಿ, ಹೀಗೆ ದೊಡ್ಡ ಕಂಪನಿಗಳು ತಿರುಗಿಯೂ ನೋಡದ ಸಣ್ಣ ವ್ಯಾಪಾರಗಳಿಗೆ ಕಂಪ್ಯೂಟರ್ ಪ್ರೋಗ್ರಾಮ್ ಬರೆದುಕೊಡುತ್ತಾಳೆ. ಮನೆಯೊಳಗೆ ಆ ಬಿರುದು ಬರುವುದಿಲ್ಲ. "ಏನೇ, ನನ್ನ ಕನ್ನಡಕ ಎಲ್ಲಿ?" ಎಂದು ಗಂಡ ಕೂಗುತ್ತಾನೆ. ಪರದೆಯಿಂದ ಕಣ್ಣು ತೆಗೆಯದೆ "ಫ್ರಿಜ್ ಮೇಲೆ" ಎನ್ನುತ್ತಾಳೆ. ಫ್ರಿಜ್ಜಿನ ಮೇಲೆಯೇ ಇರುತ್ತದೆ. ಇಡುವವನು ಅವನು, ನೆನಪಿಡುವವಳು ಇವಳು.

ಮೇಡಂಗೆ ಒಂದೇ ಒಂದು ಜಂಬ. "ನನ್ನ ಪ್ರೋಗ್ರಾಮ್ ನಿಧಾನ ಅನ್ನಿ, ನೋಡೋಕೆ ಲಕ್ಷಣವಾಗಿಲ್ಲ ಅನ್ನಿ, ಬೇಜಾರಿಲ್ಲ. ಬಿತ್ತು ಅಂತ ಮಾತ್ರ ಯಾರೂ ಅನ್ನೋ ಹಾಗಿಲ್ಲ."

ಲಾಂಡ್ರಿಯ ಮಾಲೀಕ ಅಂದೇಬಿಟ್ಟ.

"ಮೇಡಂ, ನಿಮ್ಮ ಪ್ರೋಗ್ರಾಮ್ ಬಿತ್ತು."

"ಏನು ಬಿತ್ತು? ಎಲ್ಲಿಂದ?"

"ಎಲ್ಲಿಂದ ಅಂದ್ರೆ ಏನು ಹೇಳ್ಲಿ? ಇತ್ತು, ಈಗಿಲ್ಲ. ಚೀಟಿ ನಂಬರ್ ಹೊಡೆದ್ರು, ಪಟ್ ಅಂತ ಮುಚ್ಕೊಂಡ್ತು. ಎದುರಿಗೆ ಗಿರಾಕಿ ನಿಂತು ಕೋಟು ಕೋಟು ಅಂತಿದ್ದಾನೆ. ಇಲ್ಲಿ ಇನ್ನೂರು ಕರೀ ಕೋಟಿದೆ. ಯಾವುದಂತ ಹುಡುಕ್ಲಿ?"

ಅವನ ಗೋಳು ಸುಳ್ಳಲ್ಲ. ಆ ಲಾಂಡ್ರಿಯ ಒಳಗೆ ತಲೆಯ ಮೇಲೆ ಉದ್ದಕ್ಕೂ ಕಬ್ಬಿಣದ ಸರಳುಗಳು, ಸರಳುಗಳ ತುಂಬ ಒಂಬೈನೂರು ಕೊಕ್ಕೆಗಳು, ಪ್ರತಿ ಕೊಕ್ಕೆಗೂ ಒಂದು ಸಂಖ್ಯೆ. ಗಿರಾಕಿಯ ಚೀಟಿಯ ನಂಬರ್ ಹೊಡೆದರೆ ಬಟ್ಟೆ ಯಾವ ಕೊಕ್ಕೆಯಲ್ಲಿದೆ ಎಂದು ಪ್ರೋಗ್ರಾಮ್ ಹೇಳಬೇಕು. ಅದು ಬಾಯಿ ಮುಚ್ಚಿಕೊಂಡರೆ ಇಸ್ತ್ರಿ ಮಾಡಿದ ಒಂಬೈನೂರು ಅಂಗಿ, ಕೋಟು, ಕಂಬಳಿಗಳು ತಲೆಯ ಮೇಲೆ ತೂಗಾಡುತ್ತ ಗಿರಾಕಿಯನ್ನು ಅಣಕಿಸುತ್ತವೆ.

ಮೇಡಂ ಓಡಿದಳು. ಹೋಗಿ ಕೂತು ಚೀಟಿಗಳ ಪಟ್ಟಿ ತೆರೆದು ನೋಡಿದಳು, ಎಲ್ಲ ಸರಿಯಾಗಿತ್ತು. ಇಪ್ಪತ್ತು ನಂಬರ್ ಹೊಡೆದಳು, ಇಪ್ಪತ್ತಕ್ಕೂ ಕೊಕ್ಕೆ ಹೇಳಿತು. ಮನೆಗೆ ಬಂದಳು. ಮಾರನೆಯ ದಿನ ಫೋನು, ಮತ್ತೆ ಬಿತ್ತು. ಮತ್ತೆ ಹೋದಳು, ಪಟ್ಟಿ ತೆರೆದಳು, ಮತ್ತೆ ಸರಿಯಾಗಿತ್ತು. ಮನೆಯಲ್ಲಿ ಮೈ ಸುಡುತ್ತ ಡಾಕ್ಟರ ಎದುರು ತಣ್ಣಗಾಗುವ ಮಗುವಿನ ಹಾಗೆ ಅದು ಅವಳ ಮಾನ ತೆಗೆಯುತ್ತಿತ್ತು. ಕೆಲವು ದಿನ ಎರಡು ಸಲ ಬೀಳುವುದು, ಕೆಲವು ದಿನ ಇಲ್ಲವೇ ಇಲ್ಲ. ಬಿದ್ದ ಮೇಲೆ ಮತ್ತೆ ಶುರುಮಾಡಿದರೆ ಏನೂ ಆಗಿಲ್ಲವೆಂಬಂತೆ ಎದ್ದು ಕೂರುವುದು.

ಎರಡು ವಾರವಾದ ಮೇಲೆ ಮೇಡಂ ಒಂದು ಕೆಲಸ ಮಾಡಿದಳು. ಎಲ್ಲ ಪ್ರೋಗ್ರಾಮ್ ಬರೆಯುವವರೂ ಮಾಡುವ ಕೆಲಸವೇ. ಕಂಪ್ಯೂಟರು ಬಿದ್ದ ಹೊತ್ತನ್ನೆಲ್ಲ ಗುರುತು ಹಾಕಿಕೊಂಡಿರುತ್ತದೆ. ಅದನ್ನು ತೆಗೆದು ಒಂದು ಹಾಳೆಯ ಮೇಲೆ ಮುದ್ರಿಸಿ ಮಾಲೀಕನ ಕೈಗೆ ಕೊಟ್ಟು, "ಈ ಹೊತ್ತಲ್ಲೆಲ್ಲ ಕೌಂಟರಲ್ಲಿ ಯಾರು ಕೂತಿದ್ರು ನೋಡಿ. ಏನೋ ಒತ್ತಬಾರದ್ದು ಒತ್ತುತ್ತಿದ್ದಾರೆ" ಎಂದಳು.

ಮಾಲೀಕ ಹಾಳೆ ನೋಡಿದ. ಒಂದೂ ಬಿಡದೆ ಎಲ್ಲ ಮಧ್ಯಾಹ್ನ ಎರಡರ ಮೇಲೆಯೇ.

"ನಾನು ಹೇಳ್ಲಿಲ್ವಾ? ಹೊಸಮ್ಮನ ಕೈಗುಣ!"

ಮೊದಲು ಆ ಕೌಂಟರಿನಲ್ಲಿ ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟರವರೆಗೆ ಇದ್ದವರು ದೊಡ್ಡಕ್ಕ ಒಬ್ಬರೇ. ಹನ್ನೊಂದು ವರ್ಷ ಹಾಗೆ ನಿಂತ ಮೇಲೆ ಅವರ ಮಂಡಿಗಳು ಇನ್ನಾಗದು ಎಂದು ಕೈಚೆಲ್ಲಿದವು. ಅದಕ್ಕೇ ಮಧ್ಯಾಹ್ನದ ಪಾಳಿಗೆ ಹೊಸಮ್ಮ ಬಂದದ್ದು. ಹೆಸರಿಗೆ ಹೊಸಮ್ಮ, ವಯಸ್ಸು ಐವತ್ತೆರಡು. ಸಂಬಳ ಬರುವ ಕೆಲಸಕ್ಕೆ ಹೋಗಿದ್ದು ಇದೇ ಮೊದಲು. ಮೂರು ತಿಂಗಳು ನೋಡೋಣ, ಆಮೇಲೆ ಖಾಯಂ ಎಂದು ಮಾತಾಗಿತ್ತು. ಆ ಮೂರು ತಿಂಗಳು ಬರುವ ಶನಿವಾರಕ್ಕೆ ಮುಗಿಯುತ್ತಿತ್ತು.

"ಶನಿವಾರದೊಳಗೆ ಇನ್ನೊಂದೇ ಒಂದು ಸಲ ಬೀಳ್ಲಿ" ಎಂದ ಮಾಲೀಕ, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಳಿಸುತ್ತ. "ನಮಸ್ಕಾರ ಹೇಳಿ ಕಳಿಸಿಬಿಡ್ತೀನಿ. ಪಾಪ, ಒಳ್ಳೇ ಹೆಂಗಸು. ಆದ್ರೆ ಕೆಲವರ ಕೈ ಹಾಗೆ ಮೇಡಂ. ಮುಟ್ಟಿದ್ದು ಉಳಿಯಲ್ಲ."

ಮೇಡಂ ಹೂಂಗುಟ್ಟಿದಳು. ತಾನು ಕೊಟ್ಟ ಹಾಳೆಯಿಂದ ಒಬ್ಬರ ಕೆಲಸ ಹೋದರೆ ಎಂಬ ಯೋಚನೆ ಬಂದದ್ದು ಮನೆಗೆ ಬರುವ ದಾರಿಯಲ್ಲಿ.

ಬುಧವಾರ ಮಧ್ಯಾಹ್ನ ಎರಡಕ್ಕೆ ಹೋಗಿ ಕೌಂಟರಿನ ಹಿಂದೆ ಸ್ಟೂಲು ಹಾಕಿಕೊಂಡು ಕೂತಳು. ಹೊಸಮ್ಮ ತಿರುಗಿ ನೋಡಿ, "ಕಾವಲಿಗೆ ಬಂದ್ರಾ ಮೇಡಂ?" ಎಂದರು.

"ಕಾವಲಿಗಲ್ಲಮ್ಮ. ಸುಮ್ನೆ ನೋಡೋಣ ಅಂತ."

"ನೋಡಿ ನೋಡಿ. ಹೆಣ್ಣು ನೋಡೋಕೆ ಬಂದವರು ಇಷ್ಟು ಹತ್ರ ಕೂತಿರ್ಲಿಲ್ಲ."

ಹೊಸಮ್ಮನ ಕೈ ನೋಡುವಂತೆಯೇ ಇತ್ತು. ಗಿರಾಕಿ ಚೀಟಿ ಚಾಚುವ ಮೊದಲೇ ಕಣ್ಣಲ್ಲಿ ನಂಬರ್ ಓದಿ, ಅವನು ನಮಸ್ಕಾರ ಹೇಳಿ ಮುಗಿಸುವುದರೊಳಗೆ ಹೊಡೆದು, ಬಟ್ಟೆ ತಂದು ಕೌಂಟರಿನ ಮೇಲಿಟ್ಟಿರುತ್ತಿದ್ದರು. ಗುಂಡಿ ಕಳಚಿದ ಅಂಗಿ ಕಂಡರೆ ಒಂದು ಕೈಯಲ್ಲಿ ಗುಂಡಿ ಹೊಲಿಯುತ್ತಲೇ ಇನ್ನೊಂದು ಕೈಯಲ್ಲಿ ಚೀಟಿ ಹರಿಯುತ್ತಿದ್ದರು. ಗುಂಡಿ ಹೊಲಿಯುವುದು ಅವರ ಕೆಲಸದಲ್ಲಿ ಇರಲಿಲ್ಲ. ಯಾರೂ ಹೇಳಿರಲಿಲ್ಲ, ಯಾರೂ ಗಮನಿಸಿಯೂ ಇರಲಿಲ್ಲ.

ನಡುನಡುವೆ ಮೇಡಂ ಕೈ ಚಾಚಿ, "ಒಂದು ನಿಮಿಷ" ಎಂದು ಪಟ್ಟಿ ತೆರೆದು ಎಲ್ಲ ಸರಿಯಿದೆಯೇ ಎಂದು ನೋಡುತ್ತಿದ್ದಳು. ಸರಿಯೇ ಇತ್ತು. ಅಂದು ಪ್ರೋಗ್ರಾಮ್ ಬೀಳಲಿಲ್ಲ.

"ನೀವಿದ್ರೆ ಅದು ಬೀಳಲ್ಲ ಕಣಮ್ಮ" ಎಂದರು ಹೊಸಮ್ಮ ಸಂಜೆ. "ಹೆತ್ತ ತಾಯಿ ಎದುರು ಮಕ್ಕಳು ಯಾವತ್ತೂ ಒಳ್ಳೆಯವೇ."

ಗುರುವಾರ ಮೇಡಂ ಏನನ್ನೂ ಮುಟ್ಟಬಾರದೆಂದು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಸುಮ್ಮನೆ ಕೂರುವ ಅಭ್ಯಾಸವಿಲ್ಲದ ಕೈಗಳು ಜೋಮು ಹಿಡಿದವು. ಎರಡೂವರೆ ಆಯಿತು, ಮೂರಾಯಿತು. ಮೂರು ದಾಟಿ ಎರಡು ನಿಮಿಷಕ್ಕೆ ಒಬ್ಬಾತ ಕಂಬಳಿ ಕೇಳಿದ. ಹೊಸಮ್ಮ ನಂಬರ್ ಹೊಡೆದರು. ಪಟ್!

ಇಸ್ತ್ರಿಯವನ ಕೈ ಗಾಳಿಯಲ್ಲೇ ನಿಂತಿತು. ಒಳಗಿನ ಕುರ್ಚಿಯಿಂದ ಮಾಲೀಕ ಕತ್ತು ಹೊರಹಾಕಿದ. ಹೊಸಮ್ಮ ಮೇಜಿನ ಕೆಳಗಿನಿಂದ ಚೀಲ ತೆಗೆದು, ಅದರೊಳಗೆ ತಮ್ಮ ನೀರಿನ ಬಾಟಲಿ ಇಟ್ಟುಕೊಂಡರು.

"ಈಗ್ಲೇ ಯಾಕಮ್ಮ?" ಎಂದ ಮಾಲೀಕ ಮುಜುಗರದಿಂದ. "ಶನಿವಾರದ ತನಕ ಬನ್ನಿ. ಲೆಕ್ಕಕ್ಕೆ ಮೂರು ತಿಂಗಳು ಪೂರ್ತಿ ಆಗ್ಲಿ."

ಅವನು ಒಳಗೆ ಹೋದ ಮೇಲೆ ಹೊಸಮ್ಮ ಬಾಟಲಿ ಮತ್ತೆ ಹೊರಗಿಟ್ಟರು. ನಗುತ್ತಲೇ ಅಂದರು, "ಮನೇಲಿ ಮೂವತ್ತು ವರ್ಷ ಹೀಗೇ ಪರೀಕ್ಷೆಗೆ ಕೂತಿದ್ದೆ ಮೇಡಂ. ಅಲ್ಲಂತೂ ಯಾರೂ ಖಾಯಂ ಅನ್ನಲಿಲ್ಲ. ಇಲ್ಲಾದ್ರೂ ಒಬ್ರು ಅಂತಾರೇನೋ ಅಂತ ಆಸೆ ಇತ್ತು."

ಮೇಡಂ ತಲೆಯಲ್ಲಿ ಒಂದೇ ವಿಷಯ ತಿರುಗುತ್ತಿತ್ತು. ಅವಳು ಕೂತಾಗಿನಿಂದ ಹೊಸಮ್ಮ ಒಂದು ಸಲವೂ ಪಟ್ಟಿಯನ್ನು ತೆರೆದಿರಲಿಲ್ಲ.

"ಅಮ್ಮ, ನೀವು ಪಟ್ಟಿ ನೋಡೋದೇ ಇಲ್ವಾ? ದೊಡ್ಡಕ್ಕ ಪ್ರತಿ ಗಿರಾಕಿಗೂ ಮೊದಲು ಪಟ್ಟಿ ತೆಗೀತಾರಲ್ಲ?"

"ಅವರು ತೆಗೀತಾರೆ. ನನಗೂ ಹಾಗೇ ಹೇಳ್ಕೊಟ್ರು. ಕೈ ಪಳಗಿದ ಮೇಲೆ, ಈಗೊಂದು ಮೂರು ವಾರದಿಂದ ನಾನು ಬಿಟ್ಟೆ."

"ಯಾಕೆ?"

"ನಂಬರು ಕೈಯಲ್ಲೇ ಇರುತ್ತಲ್ಲ! ಒಂದು ಟವೆಲ್ ಬೇಕು ಅಂತ ಬೀರುವಿನ ಬಟ್ಟೆಯೆಲ್ಲ ಹೊರಗೆ ಎಳೆದು ಹಾಕ್ತೀವಾ? ಆ ಕೆಲಸ ನಮ್ಮ ಮನೆ ಗಂಡಸರದ್ದು."

ಶುಕ್ರವಾರ ಬೆಳಿಗ್ಗೆ ತಟ್ಟೆಗಳೆದ್ದವು, ಆಫೀಸು ತೆರೆಯಿತು. ಅಡುಗೆಮನೆಯಿಂದ ಗಂಡನ ದನಿ ಬಂತು.

"ಏನೇ, ಮನೇಲಿ ಸಕ್ಕರೆ ಮುಗಿದುಹೋಗಿದೆ!"

"ಇಲ್ವಲ್ಲ."

"ಡಬ್ಬಿ ಖಾಲಿ. ನಾನೇ ನೋಡ್ತಿದ್ದೀನಿ. ಚಹಾ ಹೇಗೆ ಕುಡೀಲಿ? ಅಂಗಡಿಗೆ ಹೋಗ್ತೀನಿ ತಾಳು."

ಅವಳು ಎದ್ದು ಹೋಗಿ ನೋಡಿದಳು. ಒಲೆ ಪಕ್ಕದ ಪುಟ್ಟ ಡಬ್ಬಿ ನಿಜಕ್ಕೂ ಖಾಲಿ. ಎರಡು ದಿನ ಲಾಂಡ್ರಿಯಲ್ಲಿ ಕೂತಿದ್ದರಿಂದ ಅವಳು ತುಂಬಿಸಿರಲಿಲ್ಲ. ಗಂಡ ಆಗಲೇ ಚಪ್ಪಲಿ ಮೆಟ್ಟಿದ್ದ. ಅವಳು ಬಗ್ಗಿ, ಅವನ ಮೊಣಕಾಲಿಗೆ ತಾಗುವಂತಿದ್ದ ಕೆಳಗಿನ ಕಪಾಟಿನ ಬಾಗಿಲು ತೆಗೆದು, ದೊಡ್ಡ ಡಬ್ಬಿಯ ಮುಚ್ಚಳ ಎತ್ತಿದಳು. ಅಲ್ಲಿ ಕಂಠಮಟ್ಟ ಸಕ್ಕರೆ.

"ಇದು ಯಾವಾಗಿಂದ ಇಲ್ಲಿದೆ?" ಎಂದ ಗಂಡ ಬೆರಗಿನಿಂದ.

"ಮದುವೆ ಆದಾಗಿಂದ."

"ಮತ್ತೆ ಚಿಕ್ಕ ಡಬ್ಬಿ ಯಾವತ್ತೂ ಖಾಲಿ ಆಗಿದ್ದೇ ಇಲ್ವಲ್ಲ?"

"ಅದು ತಾನಾಗೇ ತುಂಬ್ಕೊಳ್ಳುತ್ತೆ ಅಂದ್ಕೊಂಡಿದ್ರಾ?"

ಗಂಡ ಯೋಚಿಸಿದ. ಪ್ರಾಮಾಣಿಕ ಮನುಷ್ಯ. "ನಾನು ಅದರ ಬಗ್ಗೆ ಏನೂ ಅಂದ್ಕೊಂಡೇ ಇರ್ಲಿಲ್ಲ ಕಣೇ" ಎಂದ.

ಮೇಡಂ ನಗಲು ಬಾಯಿ ತೆರೆದವಳು ಹಾಗೆಯೇ ನಿಂತುಬಿಟ್ಟಳು. ಚಮಚವನ್ನು ಅವನ ಕೈಗೆ ತುರುಕಿ ಮೇಜಿಗೆ ಓಡಿದಳು.

ಆರು ತಿಂಗಳ ಹಿಂದೆ ದೊಡ್ಡಕ್ಕ ದೂರಿದ್ದರು: ನಂಬರ್ ಹೊಡೆದರೆ ಕೊಕ್ಕೆ ಹೇಳಲು ಪ್ರೋಗ್ರಾಮ್ ಆಕಳಿಸುತ್ತದೆ ಎಂದು. ಪ್ರತಿ ಸಲವೂ ಅದು ಒಳಗಿನ ದೊಡ್ಡ ಕಡತಕ್ಕೆ ಹೋಗಿ ಹುಡುಕಿ ಬರಬೇಕಿತ್ತು. ಆಗ ಮೇಡಂ ಒಂದು ಅನುಕೂಲ ಮಾಡಿದ್ದಳು. ಯಾರಾದರೂ ಪಟ್ಟಿ ತೆರೆದಾಗ ಅದರಲ್ಲಿರುವುದನ್ನೆಲ್ಲ ಕೈಗೆಟುಕುವ ಒಂದು ತಾತ್ಕಾಲಿಕ ಜಾಗದಲ್ಲಿ ತಂದಿಡುವುದು, ನಂಬರ್ ಹೊಡೆದಾಗ ಅಲ್ಲಿಂದಲೇ ಎತ್ತಿಕೊಡುವುದು. ಕಂಪ್ಯೂಟರಿನವರು ಇದಕ್ಕೆ ಕ್ಯಾಶ್ ಮೆಮೊರಿ ಎನ್ನುತ್ತಾರೆ. ದೊಡ್ಡ ಡಬ್ಬಿಯಿಂದ ಸ್ವಲ್ಪ ತೆಗೆದು ಒಲೆ ಪಕ್ಕದಲ್ಲಿಟ್ಟುಕೊಳ್ಳುವ ಉಪಾಯವೇ ಅದು. ಹಳಸಬಾರದೆಂದು ಆ ಪುಟ್ಟ ಡಬ್ಬಿಯನ್ನು ತುಂಬಿದ ಒಂದು ಗಂಟೆಗೆ ಖಾಲಿ ಮಾಡುವ ವ್ಯವಸ್ಥೆಯನ್ನೂ ಅವಳೇ ಇಟ್ಟಿದ್ದಳು. ಖಾಲಿ ಇದ್ದಾಗ ಏನು ಮಾಡಬೇಕು?

ಆ ಸಾಲನ್ನು ಹುಡುಕಿದಳು. ಸಿಕ್ಕಿತು. ಪ್ರೋಗ್ರಾಮಿನ ನಡುವೆ ತನಗಾಗಿ ತಾನೇ ಬರೆದುಕೊಂಡ ಟಿಪ್ಪಣಿ ಅದು. "ಇಲ್ಲದಿದ್ದರೆ? ಬಂದು ಬರೆಯಬೇಕು."

ಬಂದು. ಎಲ್ಲಿಂದ ಬಂದು? ನೆನಪಾಯಿತು. ಅಂದು ಒಲೆಯ ಮೇಲೆ ಹಾಲಿತ್ತು. ಹಾಲು ಉಕ್ಕಿತು. ಗಂಡ ಅಡುಗೆಮನೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕೂತು, "ಏನೇ, ಏನೋ ಸೀದ ವಾಸನೆ" ಎಂದು ಸುದ್ದಿ ಕೊಟ್ಟಿದ್ದ. ಅವಳು ಎದ್ದು ಹೋಗಿ, ಒಲೆ ಒರೆಸಿ, ಪಾತ್ರೆ ನೆನೆಹಾಕಿ, ನೆಲ ಒರೆಸಿ, ಉಳಿದ ಹಾಲಿಗೆ ಹೆಪ್ಪು ಹಾಕಿ ವಾಪಸು ಬರುವಷ್ಟರಲ್ಲಿ ತಟ್ಟೆ ಇಳಿಸುವ ಹೊತ್ತಾಗಿತ್ತು. ಆ ಸಾಲು ಇವತ್ತಿಗೂ ಅವಳು ಬರುವುದನ್ನೇ ಕಾಯುತ್ತ ಕೂತಿತ್ತು.

ದೊಡ್ಡಕ್ಕ ಗಿರಾಕಿಗೊಮ್ಮೆ ಪಟ್ಟಿ ತೆರೆಯುತ್ತಿದ್ದರಿಂದ ಅವರಿಗೆ ಗೊತ್ತಿಲ್ಲದೆಯೇ ಪುಟ್ಟ ಡಬ್ಬಿ ಸದಾ ತುಂಬಿರುತ್ತಿತ್ತು. ಮಾಲೀಕ ಇಣುಕಿ ಪಟ್ಟಿ ನೋಡಿದ ದಿನಗಳಲ್ಲೂ ತುಂಬಿರುತ್ತಿತ್ತು. ಬಿದ್ದು ಎದ್ದಾಗ ಮೊದಲು ಬರುವುದು ಪಟ್ಟಿಯೇ, ಆಗಲೂ ತುಂಬುತ್ತಿತ್ತು. ತಪ್ಪು ಹುಡುಕಲು ಬಂದ ಮೇಡಮ್ಮೂ ಬಂದೊಡನೆ ಪಟ್ಟಿ ತೆರೆದು, ತನ್ನ ತಪ್ಪಿನ ಮೇಲೆ ತಾನೇ ಸೆರಗು ಹೊದಿಸುತ್ತಿದ್ದಳು. ಬೇಡದ ಕೆಲಸ ಬಿಟ್ಟು ನೆಟ್ಟಗೆ ನಂಬರ್ ಹೊಡೆದವರು ಹೊಸಮ್ಮ ಒಬ್ಬರೇ. ಖಾಲಿ ಡಬ್ಬಿಗೆ ಕೈ ಹಾಕಿದವರೂ ಅವರೊಬ್ಬರೇ.

ರಿಪೇರಿಗೆ ಹನ್ನೊಂದು ನಿಮಿಷ ಹಿಡಿಯಿತು. ಪುಟ್ಟ ಡಬ್ಬಿಯಲ್ಲಿ ಇಲ್ಲದಿದ್ದರೆ ದೊಡ್ಡ ಡಬ್ಬಿಗೆ ಹೋಗು, ತೆಗೆದುಕೋ, ಬರುವಾಗ ಪುಟ್ಟದನ್ನೂ ತುಂಬಿಸು. ಅಷ್ಟೇ. ತನ್ನ ಕಂಪ್ಯೂಟರಿನಲ್ಲಿ ಡಬ್ಬಿ ಖಾಲಿ ಮಾಡಿ ಮಾಡಿ ನಲವತ್ತು ಸಲ ನೋಡಿದಳು. ಬೀಳಲಿಲ್ಲ.

ಶನಿವಾರ ಮಧ್ಯಾಹ್ನ ಅವಳು ಲಾಂಡ್ರಿ ಸೇರಿದಾಗ ಎರಡಕ್ಕೆ ಐದು ನಿಮಿಷವಿತ್ತು. ದೊಡ್ಡಕ್ಕ ಚೀಲ ಹೆಗಲಿಗೆ ಹಾಕಿಕೊಂಡಿದ್ದರು, ಹೊಸಮ್ಮ ಕೈ ತೊಳೆದು ಬರುತ್ತಿದ್ದರು.

"ಸಾರ್, ತಪ್ಪು ನಂದು" ಎಂದಳು ಮೇಡಂ ನಿಂತಲ್ಲೇ. "ಪ್ರೋಗ್ರಾಮಲ್ಲಿ ಒಂದು ಸಾಲು ಬರೆಯೋದು ಬಿಟ್ಟಿದ್ದೆ. ಇವರದ್ದೇನೂ ಇಲ್ಲ."

ಹಾಲಿನ ವಿಷಯ ಹೇಳಲಿಲ್ಲ. ಹೇಳಿದರೆ ಅದೂ ಒಂದು ಕೈಗುಣವಾಗುತ್ತದೆಂದು ಅವಳಿಗೆ ಗೊತ್ತಿತ್ತು.

ಮಾಲೀಕ ದೊಡ್ಡ ಮನಸ್ಸಿನಿಂದ ನಕ್ಕ. "ಬಿಡಿ ಮೇಡಂ, ನಿಮ್ಮದು ಮೃದು ಮನಸ್ಸು. ಅವರನ್ನ ಉಳಿಸೋಕೆ ನೀವು ತಲೆ ಮೇಲೆ ಹಾಕ್ಕೋತಿದ್ದೀರಿ."

"ಇಲ್ಲ ಸಾರ್, ನಿಜವಾಗಿ. ಗಂಟೆಗೊಮ್ಮೆಯಾದ್ರೂ ಯಾರಾದ್ರೂ ಪಟ್ಟಿ ತೆರೀದಿದ್ರೆ ಅದು ಬೀಳುತ್ತೆ."

"ಅಷ್ಟೇ ತಾನೆ? ಹಾಗಿದ್ರೆ ಹೊಸಬರು ಯಾರೇ ಬಂದ್ರೂ ಅರ್ಧ ಗಂಟೆಗೊಮ್ಮೆ ಪಟ್ಟಿ ತೆಗೀರಿ ಅಂತ ಹೇಳಿದ್ರಾಯ್ತು. ನೆನಪಿಟ್ಕೊಂಡು ಮಾಡ್ತಾರೆ. ಪ್ರೋಗ್ರಾಮ್ ಯಾಕೆ ಮುಟ್ಟಬೇಕು?"

ನಿಜ ಹೇಳಬೇಕೆಂದರೆ, ಈ ಉಪಾಯ ಶುಕ್ರವಾರ ಮೇಡಂಗೂ ಹೊಳೆದಿತ್ತು. ಅದಕ್ಕೇ ಈಗ ಅವಳಿಗೆ ಹೆಚ್ಚು ಸಿಟ್ಟು ಬಂತು.

"ಪ್ರೋಗ್ರಾಮಿನ ಕೆಲಸ ಅವರು ಯಾಕೆ ನೆನಪಿಟ್ಕೋಬೇಕು ಸಾರ್? ಅವರಿಗೆ ಬೇರೆ ಕೆಲಸ ಇಲ್ವಾ? ನಿಮ್ಮ ಅಂಗಿಗಳ ಗುಂಡಿ ಯಾರು ಹೊಲೀತಿದ್ದಾರೆ ಅಂತ ಗೊತ್ತಾ ನಿಮಗೆ?"

"ಗುಂಡಿನಾ?" ಎಂದ ಮಾಲೀಕ.

"ಹೋಗ್ಲಿ ಬನ್ನಿ. ಕೌಂಟರಲ್ಲಿ ನೀವೇ ಕೂತ್ಕೊಳ್ಳಿ. ಹಳೇ ಪ್ರೋಗ್ರಾಮೇ ಇದೆ, ನಾನಿನ್ನೂ ಬದಲಾಯಿಸಿಲ್ಲ. ಪಟ್ಟಿ ಮಾತ್ರ ತೆರೀಬೇಡಿ. ಒಂದು ಗಂಟೆ."

ಮಾಲೀಕ ತೋಳು ಮಡಿಸಿ ಕೂತ. ಮನೆಗೆ ಹೊರಟಿದ್ದ ದೊಡ್ಡಕ್ಕ ಚೀಲ ಇಳಿಸಿ, "ನನ್ನ ಮಂಡಿ ಇವತ್ತು ಅಷ್ಟೊಂದು ನೋಯ್ತಿಲ್ಲ" ಎನ್ನುತ್ತ ಬಟ್ಟೆಯ ಮೂಟೆಯ ಮೇಲೆ ಕೂತರು. ಇಸ್ತ್ರಿಯವನು ಒಂದೇ ಅಂಗಿಯನ್ನು ಮೂರು ಸಲ ಇಸ್ತ್ರಿ ಮಾಡಿದ. ಮಾಲೀಕ ಒಂದೊಂದೇ ಬೆರಳಲ್ಲಿ ನಂಬರ್ ಒತ್ತಿ, ಕೊಕ್ಕೆ ತಪ್ಪಿ, ಒಬ್ಬರ ಪ್ಯಾಂಟು ಇನ್ನೊಬ್ಬರಿಗೆ ಕೊಡಲು ಹೋಗಿ, ಹೇಗೋ ಆರು ಗಿರಾಕಿಗಳನ್ನು ಸಾಗಹಾಕಿದ. ಪ್ರೋಗ್ರಾಮ್ ಬೀಳಲಿಲ್ಲ.

"ನೋಡಿದ್ರಾ?" ಎಂದ ಮೂರಕ್ಕೆ ಎರಡು ನಿಮಿಷವಿರುವಾಗ. "ನನ್ನ ಕೈಯಲ್ಲಿ ಬೀಳೋದೇ ಇಲ್ಲ. ನನ್ನ ಕೈಗುಣ ನಮ್ಮಜ್ಜಿದು. ಅವರು ಕಡ್ಡಿ ನೆಟ್ರೂ ಚಿಗುರ್ತಿತ್ತು."

"ಇನ್ನೂ ಒಂದಷ್ಟು ಹೊತ್ತು ಕೂತಿರಿ" ಎಂದಳು ಮೇಡಂ. ತನ್ನದೇ ಪ್ರೋಗ್ರಾಮ್ ಬೀಳಲಿ ಎಂದು ಜೀವನದಲ್ಲಿ ಮೊದಲ ಬಾರಿಗೆ ಬೇಡಿಕೊಳ್ಳುತ್ತಿದ್ದಳು. ಹೊಸಮ್ಮ ಗೋಡೆಗೊರಗಿ ಗಡಿಯಾರವನ್ನೇ ನೋಡುತ್ತಿದ್ದರು. ಈ ಮೂರು ತಿಂಗಳಲ್ಲಿ ಅವರು ಸುಮ್ಮನೆ ನಿಂತದ್ದು ಅದೊಂದೇ ಸಲ.

ಮೂರೂ ಕಾಲಾಯಿತು. ಗಿರಾಕಿಗಳಿರಲಿಲ್ಲ. ಮಾಲೀಕ ಜೇಬು ತಡಕಿ ತನ್ನದೇ ಕೋಟಿನ ಚೀಟಿ ತೆಗೆದ. "ಸಂಜೆ ಇದನ್ನ ಹಾಕ್ಕೊಂಡು ಹೊರಗೆ ಹೋಗ್ಬೇಕು. ಇದನ್ನೇ ಹೊಡೀತೀನಿ. ಆಮೇಲೆ ನೀವು ಯಾರೂ ಮಾತಾಡೋ ಹಾಗಿಲ್ಲ."

ಹೊಡೆದ. ಪಟ್!

ಮೊದಲು ನಕ್ಕಿದ್ದು ಇಸ್ತ್ರಿಯವನು. ಅವನು ನಕ್ಕದ್ದನ್ನು ಮುಚ್ಚಲು ಹಬೆ ಬಿಟ್ಟ. ದೊಡ್ಡಕ್ಕ ಮೂಟೆಯಿಂದ ಏಳದೆಯೇ ಕೇಳಿದರು, "ಅಜ್ಜಿ ನೆಟ್ಟ ಕಡ್ಡಿ ಯಾವುದು ಸಾರ್, ಒಣಗಿತ್ತೇನೋ?"

ಮಾಲೀಕ ತನ್ನ ಬೆರಳನ್ನು ತಿರುಗಿಸಿ ಮುರುಗಿಸಿ ನೋಡಿದ. ಆಮೇಲೆ ಪರದೆ ನೋಡಿದ. ಆಮೇಲೆ ಜೇಬಿನಿಂದ ಆ ನಾಲ್ಕು ಮಡಿಕೆಯ ಹಾಳೆ ತೆಗೆದು, ಬಿಚ್ಚದೆಯೇ, ಮೇಡಂ ಕೈಗೆ ವಾಪಸು ಕೊಟ್ಟ.

ಮೇಡಂ ಹೊಸ ಪ್ರೋಗ್ರಾಮ್ ಹಾಕಿದಳು. ಮಾಲೀಕ ಒಳಗೆ ಹೋಗಬಹುದಿತ್ತು, ಹೋಗಲಿಲ್ಲ. ಕೋಟು ಬೇಕಿತ್ತು. ಹಟಕ್ಕೆ ಇನ್ನೂ ಒಂದು ಗಂಟೆ ಎಲ್ಲರೂ ಕಾದರು. ಪಟ್ಟಿಯನ್ನು ಯಾರೂ ಮುಟ್ಟಲಿಲ್ಲ. ನಾಲ್ಕೂವರೆಗೆ ಹೊಸಮ್ಮ ಕುರ್ಚಿಯಲ್ಲಿ ಕೂತು ಕೈ ಚಾಚಿದರು.

"ಚೀಟಿ ಕೊಡಿ ಸಾರ್."

ಹೊಡೆದರು. ಕ್ಷಣ ತಡವಾಯಿತು, ದೊಡ್ಡ ಡಬ್ಬಿಗೆ ಹೋಗಿಬರುವಷ್ಟು. ಕೊಕ್ಕೆ ಆರುನೂರ ಹದಿನೇಳು. ಹೊಸಮ್ಮ ಎದ್ದು ಹೋಗಿ ಕೋಟು ತಂದು ಕೌಂಟರಿನ ಮೇಲಿಟ್ಟರು. ತೋಳಿನ ಒಂದು ಗುಂಡಿ ಬೇರೆ ದಾರದಲ್ಲಿತ್ತು. ಮಾಲೀಕ ಅದನ್ನು ಮೊದಲ ಸಲ ನೋಡಿದ.

"ಸರಿಯಮ್ಮ" ಎಂದ ಕೋಟಿನ ತೋಳು ಸವರುತ್ತ. "ನೀವು ಖಾಯಂ. ಸೋಮವಾರದಿಂದ ಯಥಾಪ್ರಕಾರ ಬನ್ನಿ."

ಹೊಸಮ್ಮ ಏಳಲಿಲ್ಲ. ಅವನ ಕೋಟಿನ ಚೀಟಿಯನ್ನು ಬೆನ್ನುಮೇಲಾಗಿ ತಿರುಗಿಸಿ, ಪೆನ್ನಿನ ಮುಚ್ಚಳ ತೆಗೆದು ಅವನ ಮುಂದೆ ಸರಿಸಿದರು.

"ಬರೆದುಕೊಡಿ ಸಾರ್. ಬಾಯಲ್ಲಿ ಹೇಳಿದ್ದನ್ನ ಮೂವತ್ತು ವರ್ಷ ಕೇಳಿದ್ದೀನಿ."

ಮಾಲೀಕ ಮೇಡಂ ಮುಖ ನೋಡಿದ. ಮೇಡಂ ಗಡಿಯಾರ ನೋಡಿದಳು. ಅವನು ಬರೆದ. ಹೊಸಮ್ಮ ಕನ್ನಡಕ ಹಾಕಿಕೊಂಡು ಎರಡು ಸಲ ಓದಿ, "ದಿನಾಂಕ ಹಾಕಿಲ್ಲ" ಎಂದರು. ಹಾಕಿದ. ಚೀಟಿಯನ್ನು ಚೀಲದ ಒಳಜೇಬಿಗಿಳಿಸಿ, ಜಿಪ್ಪು ಎಳೆದು, ನೀರಿನ ಬಾಟಲಿಯನ್ನು ಮೇಜಿನ ಮೇಲೆ, ತಮ್ಮ ಬಲಗೈಗೆ ಎಟುಕುವಂತೆ ಸರಿಯಾಗಿ ಇಟ್ಟುಕೊಂಡರು. ಬಾಗಿಲಲ್ಲಿ ಯಾರೋ ನಿಂತಿದ್ದರು.

"ಬನ್ನಿ" ಎಂದರು ಹೊಸಮ್ಮ. "ನಂಬರ್ ಹೇಳಿ."